ನರಸಿಂಹರಾಜಪುರದ ಮಾಲತಿ

ನವೆಂಬರ್ 18, ಸೋಮವಾರ

ಇವತ್ತಿನಿಂದ ನಾನು ಕಾದಂಬರಿಕಾರ್ತಿ. ಹೇಳಿಕೊಳ್ಳಲು ನಾಚಿಕೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಪ್ರಸನ್ನಕುಮಾರ್ ಅವರ ಡಿಟಿಪಿ ಅಂಗಡಿಯಲ್ಲಿ ಇಷ್ಟು ವರ್ಷ ಊರವರ ಮಾತನ್ನೆಲ್ಲ ಟೈಪ್ ಮಾಡಿದೆ. ಮದುವೆ ಕಾಗದ, ಅಫಿಡವಿಟ್ಟು, ವೈಕುಂಠ ಸಮಾರಾಧನೆಯ ಕರೆ, ನಿವೃತ್ತ ರೇಂಜರ್ ಒಬ್ಬರ ಆತ್ಮಕಥೆ. ನನ್ನದೊಂದು ಸಾಲು ಬರೆಯಲು ಪುರುಸೊತ್ತಿರಲಿಲ್ಲ. ಶನಿವಾರ ಕೆಲಸ ಬಿಟ್ಟೆ. ಮನೆಯಲ್ಲಿ ಭುಜನೋವು ಎಂದು ಹೇಳಿದ್ದೇನೆ. ನಿಜ ಗೊತ್ತಿರುವುದು ರಾಕೇಶನಿಗೆ ಮಾತ್ರ. ಗಂಡನಾದವನಿಗೆ ಅಷ್ಟು ಹೇಳದಿದ್ದರೆ ಹೇಗೆ? ಪಿಕಪ್ ತೊಳೆಯುತ್ತಿದ್ದವನು ನೀರಿನ ಪೈಪು ಹಿಡಿದೇ ಯೋಚನೆ ಮಾಡಿ, "ಬರಿ ಮಾರಾಯ್ತಿ. ಆದ್ರೆ ಯುಗಾದಿವರೆಗೆ. ಅಷ್ಟರೊಳಗೆ ಮುಗಿದಿಲ್ಲ ಅಂದ್ರೆ ವಾಪಸ್ ಅಂಗಡಿಗೆ ಹೋಗ್ಬೇಕು. ಮತ್ತೆ ಜೀವಮಾನದಲ್ಲಿ ಕಾದಂಬರಿ ಅನ್ನಬಾರದು" ಎಂದ. ಒಪ್ಪಿದ್ದೇನೆ.

ಕಥೆ ತಲೆಯಲ್ಲಿ ಸಿದ್ಧವಾಗಿದೆ. ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಪಕ್ಕ ಮಾಲತಿ ಎಂಬವಳ ಸಣ್ಣ ಹೋಟೆಲು. ಗ್ಯಾಸ್ ಸಿಲಿಂಡರ್ ತರುತ್ತೇನೆಂದು ಹೋದ ಗಂಡ ತಿರುಗಿ ಬರಲಿಲ್ಲ. ಅಂಗಡಿ ಬಿಡು ಎಂದು ಭಾವ ಪೀಡಿಸುತ್ತಾನೆ. ಕೊನೆಗೆ ಅವಳು ಭದ್ರಾ ಹಿನ್ನೀರಿಗೆ ಇಳಿಯುತ್ತಾಳೆ. ದೊಡ್ಡ ಕಾದಂಬರಿ ಎಂದಮೇಲೆ ಸಾವು ಇರಬೇಕಲ್ಲ.

ಇವತ್ತು ಮೇಜನ್ನು ಕಿಟಕಿಯ ಹತ್ತಿರ ಸರಿಸಿದೆ. ಬಿಸಿಲು ಬಿತ್ತು. ಮತ್ತೆ ಗೋಡೆಯ ಹತ್ತಿರ ಸರಿಸಿದೆ. ಬರೆಯಲಿಲ್ಲ.

ನವೆಂಬರ್ 21, ಗುರುವಾರ

ಕರೆಂಟಿಲ್ಲ. ಬರೆಯಲಿಲ್ಲ. ಕರೆಂಟಿಗೂ ಪೆನ್ನಿಗೂ ಏನು ಸಂಬಂಧ ಎಂದು ರಾಕೇಶ ಕೇಳಿದ. ಅವನೊಡನೆ ಮಾತು ಬಿಟ್ಟಿದ್ದೇನೆ.

ನವೆಂಬರ್ 25, ಸೋಮವಾರ

ಹಾಳಾಯಿತು, ಎಲ್ಲ ಹಾಳಾಯಿತು.

ಗಿರಿಯಮ್ಮ, ಅಂದರೆ ನನ್ನತ್ತೆ, ಒಂದು ವಾರದಿಂದ ನನ್ನನ್ನು ನೋಡುತ್ತಲೇ ಇದ್ದರು. ಮಾತು ಕಡಿಮೆಯ ಹೆಂಗಸು. ಒಂದು ಮಾತಾಡಿದರೆ ಅದು ತೀರ್ಪು. ಬೆಳಿಗ್ಗೆ ಗಂಜಿ ಕುಡಿದು ಲೋಟ ತೊಳೆದಿಟ್ಟು, "ಮನೇಲಿ ಕೂತ್ರೆ ಭುಜ ಇನ್ನೂ ಹಿಡ್ಕೊಳ್ತದೆ. ಕೈಯಾಡಿದ್ರೆ ಸರಿಯಾಗ್ತದೆ. ಮಂಜಯ್ಯನವರ ಮನೇಲಿ ಅಡಿಕೆ ಸುಲಿಯಕ್ಕೆ ಜನ ಸಾಲ್ತಿಲ್ಲ. ಬಾ" ಎಂದರು.

ನನ್ನ ಸುಳ್ಳೇ ನನ್ನ ಕೊರಳಿಗೆ ಬಂತು. ಭುಜ ನೋವಿಲ್ಲ ಎಂದರೆ ಅಂಗಡಿಗೆ ಹೋಗು ಎನ್ನುತ್ತಾರೆ, ಇದೆ ಎಂದರೆ ಅಡಿಕೆ ಸುಲಿ ಎನ್ನುತ್ತಾರೆ. ಮಧ್ಯಾಹ್ನ ಊಟವಾದ ಮೇಲಿಂದ ದೀಪ ಹಚ್ಚುವ ಹೊತ್ತಿನವರೆಗೆ ನಮ್ಮೂರು ನಾರ್ವೆಯ ಹೆಂಗಸರ ನಡುವೆ ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿಕೊಂಡು ಕೂತು ಬಂದಿದ್ದೇನೆ. ಬೆರಳೆಲ್ಲ ಅಡಿಕೆಯ ಚೊಗರಿಗೆ ಕಪ್ಪಾಗಿದೆ. ಸಮಯಕ್ಕಾಗಿ ಕೆಲಸ ಬಿಟ್ಟವಳ ಸಮಯ ಹೀಗೆ ಹೋಯಿತು.

ನವೆಂಬರ್ 29, ಶುಕ್ರವಾರ

ಸುಲಿಯುವ ಚಪ್ಪರಕ್ಕೆ ಅದರದೇ ಒಂದು ಕಟ್ಟಳೆ ಇದೆಯೆಂದು ಈಗ ತಿಳಿಯಿತು. ಕೈ ಸುಲಿಯುತ್ತಿರಬೇಕು, ಬಾಯಿ ಸುದ್ದಿ ಹೇಳುತ್ತಿರಬೇಕು. ಇಲ್ಲದಿದ್ದರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಕತ್ತಿ ಬೆರಳಿಗೆ ತಾಗುತ್ತದೆ. ಆದ್ದರಿಂದ ದಿನಕ್ಕೊಬ್ಬರು ಸುದ್ದಿ ತರಬೇಕು. ನೆಂಟರದ್ದು, ನೆರೆಯವರದ್ದು, ಆಸ್ಪತ್ರೆಯಲ್ಲಿ ಕಂಡವರದ್ದು, ಯಾರದಾದರೂ ಆದೀತು. ನಿಜವಾಗಿರಬೇಕು ಅಷ್ಟೇ. ಟೀವಿ ಧಾರಾವಾಹಿಯ ಕಥೆ ಹೇಳಲು ಹೋದವಳೊಬ್ಬಳಿಗೆ ಚಿಕ್ಕಕ್ಕ, "ಅದು ನಮ್ಮ ಮನೇಲೂ ಬರ್ತದೆ ಬಿಡು, ನಿಜದ್ದು ಹೇಳು" ಎಂದು ಬಾಯಿ ಮುಚ್ಚಿಸಿದಳು. ಚಿಕ್ಕಕ್ಕನೇ ಚಪ್ಪರದ ಹಿರಿಯಳು. ಹಲ್ಲು ಕಡಿಮೆ, ನಗು ಜಾಸ್ತಿ.

ಇವತ್ತು ಕಲ್ಲಮ್ಮನ ಸರದಿ. ತಂಗಿಯ ನಾದಿನಿಯ ನಿಶ್ಚಿತಾರ್ಥ ಮುರಿದದ್ದನ್ನು ಹೇಳಿದಳು. ಸಾಧಾರಣ ಸಂಗತಿ. ನಾನಾಗಿದ್ದರೆ ಹುಡುಗಿಯ ಅಂತರಂಗ ಎಂದು ಒಂದು ಪುಟ ಬರೆಯುತ್ತಿದ್ದೆ. ಕಲ್ಲಮ್ಮ ಹುಡುಗಿಯ ವಿಷಯ ಎತ್ತಲೇ ಇಲ್ಲ. ಅಂದು ಮಾಡಿದ್ದ ಪಾಯಸವನ್ನು ಏನು ಮಾಡಿದರು ಎಂಬುದನ್ನೇ ಹೇಳಿದಳು. ರಾತ್ರಿ ಊಟಕ್ಕೆ ಕೂತಾಗಲೂ ನನಗೆ ಆ ಪಾಯಸದ್ದೇ ಯೋಚನೆ.

ಸೋಮವಾರ ನನ್ನ ಸರದಿಯಂತೆ. ನನ್ನ ಹತ್ತಿರ ಯಾರ ಸುದ್ದಿಯೂ ಇಲ್ಲ.

ಡಿಸೆಂಬರ್ 2, ಸೋಮವಾರ

ಏನು ಮಾಡಿಬಿಟ್ಟೆ ನಾನು!

"ಕೊಪ್ಪದಲ್ಲಿ ಅಷ್ಟು ವರ್ಷ ಇದ್ದೋಳು, ನಿಂಗೆ ಸುದ್ದಿ ಇಲ್ವನೆ?" ಎಂದು ಚಿಕ್ಕಕ್ಕ ಕೆಣಕಿದಳು. ಎಲ್ಲರೂ ಕಾಯುತ್ತಿದ್ದರು. ಅತ್ತೆ ತಲೆಯೆತ್ತಿ ನೋಡಿದರು. ಸೊಸೆಯ ಬಾಯಿಂದ ಮಾತು ಹೊರಡದಿದ್ದರೆ ಅವರಿಗೆ ಅವಮಾನ. ಅಷ್ಟೇ, ಬಾಯಿಂದ ಬಂದುಬಿಟ್ಟಿತು: "ನಮ್ಮ ಅಂಗಡಿಗೆ ಎನ್.ಆರ್. ಪುರದಿಂದ ಒಬ್ಬಳು ಬರ್ತಿದ್ಲು. ಮಾಲತಿ ಅಂತ."

ಗಂಡ ಸಿಲಿಂಡರ್ ತರಲು ಹೋದದ್ದರವರೆಗೆ ಹೇಳಿದೆ. ಕತ್ತಿಗಳ ಸದ್ದು ನಿಧಾನವಾಯಿತು. ಆಗ ಕಲ್ಲಮ್ಮ ಕೇಳಿದಳು: "ಖಾಲಿ ಸಿಲಿಂಡರ್ ತಗಂಡೇ ಹೋಗಿದ್ನಾ?"

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಎರಡು ವರ್ಷದಿಂದ ತಲೆಯಲ್ಲಿ ಕಥೆ ಇಟ್ಟುಕೊಂಡಿದ್ದೇನೆ, ಖಾಲಿ ಸಿಲಿಂಡರ್ ಎಲ್ಲಿಗೆ ಹೋಯಿತು ಎಂಬುದು ಗೊತ್ತಿಲ್ಲ! "ಅದು... ನಾಳೆ ಹೇಳ್ತೀನಿ" ಎಂದೆ.

ಡಿಸೆಂಬರ್ 3, ಮಂಗಳವಾರ

ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎದ್ದು ಕೂತು ಖಾಲಿ ಸಿಲಿಂಡರಿನ ವಿಷಯ ಬರೆದೆ. ಗಂಡ ಅದನ್ನು ಬಾಳೆಹಣ್ಣಿನ ಅಂಗಡಿಯವನ ಹತ್ತಿರ ಇಟ್ಟು ಹೋಗಿದ್ದಾನೆ. ಅಂಗಡಿಯವನು ಅದನ್ನು ತಂದು ಮಾಲತಿಗೆ ಕೊಡುತ್ತಾನೆ. ಅವಳು ಅದನ್ನು ಬಾಗಿಲ ಪಕ್ಕ ನಿಲ್ಲಿಸಿಕೊಳ್ಳುತ್ತಾಳೆ. ಗಿರಾಕಿಗಳು ಅದರ ಮೇಲೆ ಕೊಡೆ ನೇತುಹಾಕುತ್ತಾರೆ.

ಸಂಜೆ ಹೇಳಿದಾಗ ಕಲ್ಲಮ್ಮ, "ಹೇಳ್ದೆ ನೋಡು, ಓಡಿಹೋಗೋನು ಖಾಲಿದು ಯಾಕೆ ಹೊರ್ತಾನೆ" ಎಂದಳು. ಗೆದ್ದವಳಂತೆ ಮೂಗಿನ ಬೊಟ್ಟು ಸರಿಮಾಡಿಕೊಂಡಳು. ಅವಳ ಸರದಿ ಇದ್ದರೂ ಬಿಟ್ಟುಕೊಟ್ಟಳು.

ಡಿಸೆಂಬರ್ 11, ಬುಧವಾರ

ಕೇಳುವುದೆಂದರೆ ಏನೆಂದು ನಾನು ಈ ಚಪ್ಪರದಲ್ಲಿ ನೋಡುತ್ತಿದ್ದೇನೆ. ಕೊಪ್ಪದಲ್ಲಿ ಪುಸ್ತಕ ಬಿಡುಗಡೆಯ ಸಭೆಗಳಿಗೆ ಹೋಗಿದ್ದೇನೆ. ಜನ ಕೇಳುತ್ತಾರೆ, ಫೋನ್ ನೋಡುತ್ತಾರೆ, ಉಪ್ಪಿಟ್ಟಿಗೆ ಕಾಯುತ್ತಾರೆ. ಇವರು ಹಾಗಲ್ಲ. ಮಾಲತಿಯ ಭಾವ ಬಂದು ಬೆಂಚು ಒದ್ದ ಎಂದಾಗ ಚಿಕ್ಕಕ್ಕ ಸುಲಿದ ಅಡಿಕೆಯನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಬುಟ್ಟಿಗೂ ಹಾಕಿದಳು. ಲಕ್ಷ್ಮೀಶ, ಮಂಜಯ್ಯನವರ ಮಗ, ಅಡಿಕೆ ಬೇಯಿಸುವವನು, ಹಂಡೆಯ ಬೆಂಕಿ ಬಿಟ್ಟು ಬಂದು ಕಂಬಕ್ಕೆ ಒರಗಿ ನಿಲ್ಲುತ್ತಾನೆ. "ಅವನ ಮನೆ ಯಾವ ಕಡೆ? ನಾ ಒಂದ್ಸಲ ಮಾತಾಡ್ಬೇಕು" ಎಂದು ಭಾವನ ಬಗ್ಗೆ ವಿಚಾರಿಸಿದ. ನಾನು ಊರ ಹೆಸರು ಹೇಳದೆ ಮಾತು ತೇಲಿಸಿಬಿಟ್ಟೆ.

ಎಲ್ಲರೂ ನನ್ನ ಕೈಯಲ್ಲಿ ಮಾಲತಿಗೆ ಬುದ್ಧಿಮಾತು ಕಳಿಸುತ್ತಾರೆ. "ಅವ್ಳಿಗೆ ಹೇಳು, ಬೆಳಗ್ಗೆ ಹೊತ್ತು ಬರೀ ಚಾ ಮಾಡಿದ್ರೆ ಆಗಲ್ಲ, ಪುಂಡಿ ಮಾಡು ಅಂತ." ಮರುದಿನ ಮಾಲತಿ ಅಕ್ಕಿತರಿಯ ಉಂಡೆ ಕಟ್ಟಿ ಹಬೆಯಲ್ಲಿಟ್ಟು ಪುಂಡಿ ಮಾಡುತ್ತಾಳೆ. ಮಾಡಲೇಬೇಕು. ಇಲ್ಲದಿದ್ದರೆ ಇವರು ಸುಮ್ಮನಿರುತ್ತಾರೆಯೇ?

ಅತ್ತೆ ಮಾತ್ರ ಏನೂ ಅನ್ನುವುದಿಲ್ಲ. ಸುಲಿಯುತ್ತಾರೆ, ಕೇಳುತ್ತಾರೆ.

ಡಿಸೆಂಬರ್ 17, ಮಂಗಳವಾರ

ಬೆಳಿಗ್ಗೆ ಬರೆಯಲು ಕೂತಾಗ ಅತ್ತೆ ಒಲೆಯ ಹತ್ತಿರ ಇದ್ದರು. "ಎಂತ ಅದು ದಿನಾ?" ಎಂದರು. ಅಂಗಡಿಯ ಬಾಕಿ ಟೈಪಿಂಗ್ ಎಂದೆ. ಪೆನ್ನಿನಲ್ಲಿ ಟೈಪಿಂಗ್! ಅವರು ಮತ್ತೆ ಕೇಳಲಿಲ್ಲ.

ಡಿಸೆಂಬರ್ 23, ಸೋಮವಾರ

ನಿನ್ನೆ ಚಪ್ಪರಕ್ಕೆ ರಜೆ. ಅತ್ತೆ ಒಬ್ಬರೇ ಶೃಂಗೇರಿಗೆ ಹೋಗಿ ಬಂದರು. ಮೀನಿಗೆ ಮಂಡಕ್ಕಿ ಹಾಕಿ ಬರುವುದು ಅವರ ಹಳೆಯ ರೂಢಿ, ನಾನು ಹೆಚ್ಚೇನೂ ಯೋಚಿಸಲಿಲ್ಲ. ಇವತ್ತು ಚಪ್ಪರದಲ್ಲಿ ಸೆರಗಿನಿಂದ ಕುಂಕುಮದ ಪೊಟ್ಟಣ ತೆಗೆದು ನನ್ನ ಮುಂದಿಟ್ಟರು.

"ಮಾಲತಿ ಹೆಸ್ರಲ್ಲಿ ಕುಂಕುಮಾರ್ಚನೆ ಮಾಡ್ಸಿದೆ. ಗೋತ್ರ, ನಕ್ಷತ್ರ ಗೊತ್ತಿಲ್ಲ ಅಂದೆ. ಹೆಸ್ರು ಸಾಕು ಅಂದ್ರು ಭಟ್ರು. ಮುಂದಿನ ಸಲ ಸಿಕ್ಕಿದ್ರೆ ಕೊಡು."

ಇಲ್ಲದವಳ ಹೆಸರಿನಲ್ಲಿ ಶಾರದಾಂಬೆಯ ಮುಂದೆ ಅರ್ಚನೆಯಾಗಿದೆ! ಸ್ವಂತ ಮಗನ ಪಿಕಪ್ಪಿಗೆ ಒಂದು ನಿಂಬೆಹಣ್ಣು ಕಟ್ಟಲು ಹತ್ತು ಸಲ ಯೋಚಿಸುವ ಈ ಹೆಂಗಸು, ಕಂಡಿರದ ಯಾರಿಗೋ ಎರಡು ಬಸ್ಸು ಹತ್ತಿ, ಸಾಲಿನಲ್ಲಿ ನಿಂತು ಬಂದಿದ್ದಾರೆ. ನನಗೆ ಅವರ ಕಾಲು ಹಿಡಿಯಬೇಕೆನಿಸಿತು. ಹಿಡಿದಿದ್ದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಪೊಟ್ಟಣ ತೆಗೆದುಕೊಂಡೆ.

ಡಿಸೆಂಬರ್ 30, ಸೋಮವಾರ

ಬರೆದೆ. ಹೇಳಿದೆ. ಬರೆದದ್ದಕ್ಕಿಂತ ಹೇಳಿದ್ದು ಚೆನ್ನಾಗಿತ್ತು, ಹೇಳಿದ ಹಾಗೆ ಮತ್ತೆ ಬರೆದೆ. ನಿದ್ದೆ ಬರುತ್ತಿದೆ.

ಜನವರಿ 4, ಶನಿವಾರ

ಕಾಗದದ ಕಟ್ಟು ಮುಗಿಯಿತು. ರಾಕೇಶ ಕೊಪ್ಪದಿಂದ ಹೊಸದು ತಂದ. "ಇದೆಲ್ಲಿ ಹೋಗ್ತದೆ ಮಾರಾಯ್ತಿ, ಮೇಯ್ತೀಯಾ?" ಎಂದ.

ಜನವರಿ 8, ಬುಧವಾರ

ಕೊನೆಯ ಭಾಗಕ್ಕೆ ಬಂದಿದ್ದೇನೆ. ಮಾಲತಿ ನೀರಿಗೆ ಇಳಿಯುವುದಕ್ಕೆ ದಾರಿ ಮಾಡಬೇಕು. ಮೊದಲೇ ನಿಶ್ಚಯಿಸಿದ್ದು ಅದು, ಬದಲಿಸುವ ಹಾಗಿಲ್ಲ. ಇವತ್ತು ಚಪ್ಪರದಲ್ಲಿ ಹೇಳಿದೆ: "ಮೊನ್ನೆಯಿಂದ ಅವಳ ಹೋಟೆಲಿನ ಶಟರ್ ತೆಗೆದಿಲ್ಲವಂತೆ. ಫೋನೂ ಎತ್ತಲ್ಲ."

ಬೆಳಿಗ್ಗೆ ಬರೆದಾಗ ಇದು ಬಹಳ ಒಳ್ಳೆಯ ವಾಕ್ಯವೆನಿಸಿತ್ತು. ಚಪ್ಪರದಲ್ಲಿ ಹೇಳಿದ ಮೇಲೆ ಹಾಗೆನಿಸಲಿಲ್ಲ. ಕಲ್ಲಮ್ಮ ಕತ್ತಿಯಿಂದ ಕಾಲು ತೆಗೆದು ಕೂತಳು. ಚಿಕ್ಕಕ್ಕ, "ಅಯ್ಯೋ ಕೂಸೇ" ಎಂದಳು, ಅಷ್ಟೇ. ಲಕ್ಷ್ಮೀಶ ಪೊಲೀಸಿಗೆ ಹೇಳೋಣ ಎಂದ. ನಾನು ಬೇಡ ಬೇಡ, ನಾಳೆ ವಿಚಾರಿಸುತ್ತೇನೆ ಎಂದು ಹೇಗೋ ತಡೆದೆ.

ಮನೆಗೆ ಬರುವಾಗ ಅತ್ತೆ ನನ್ನಿಂದ ಮುಂದೆ ಮುಂದೆ ನಡೆದರು. ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದರು.

ಜನವರಿ 9, ಗುರುವಾರ

ಇದನ್ನು ಪೂರ್ತಿ ಬರೆಯಬೇಕು, ಒಂದೂ ಬಿಡದೆ.

ಬೆಳಿಗ್ಗೆ ನಾನು ಹಿತ್ತಿಲ ಜಗಲಿಯಲ್ಲಿ ಬರೆಯುತ್ತಿದ್ದೆ. ತಲೆಯೆತ್ತಿದಾಗ ಬಿಸಿಲು ಬಂದಿತ್ತು. ಒಲೆ ಹಚ್ಚಿರಲಿಲ್ಲ. ರಾಕೇಶ ಹಲ್ಲುಜ್ಜುತ್ತಾ, "ಅಮ್ಮ ಫಸ್ಟ್ ಬಸ್ಸಿಗೆ ಹೋದ್ಲಲ್ಲ. ಎನ್.ಆರ್. ಪುರಕ್ಕಂತೆ. ಯಾರೋ ಮಾಲತಿ ಅಂತೆ, ನಿನ್ ಫ್ರೆಂಡು?" ಎಂದ. ಮೇಜಿನ ಮೇಲಿನ ಕುಂಕುಮದ ಪೊಟ್ಟಣ ಇರಲಿಲ್ಲ. ಫೋನು ಮಾಡಿದೆ. ಅವರ ಫೋನು ಅಕ್ಕಿ ಡಬ್ಬದ ಪಕ್ಕದಲ್ಲೇ ಕೂಗಿತು.

ರಾಕೇಶನಿಗೆ ಎಲ್ಲ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ಅವ್ಳಿಗೆ ಮಂಡಿನೋವು ಕಣೆ" ಎಂದ. ಪಿಕಪ್ಪಿನಲ್ಲಿ ಹೋಗೋಣವೆಂದರೆ ಅದರಲ್ಲಿ ಮಂಜಯ್ಯನವರ ಲೋಡು, ಶಿವಮೊಗ್ಗಕ್ಕೆ ಹೊರಡಬೇಕು. ಹೋದರೂ ಬಸ್ಸಿನಲ್ಲಿ ಎದುರಾಗುವ ಅತ್ತೆಯನ್ನು ಎಲ್ಲಿ ಹಿಡಿಯುವುದು? ಮಧ್ಯಾಹ್ನ ಚಪ್ಪರಕ್ಕೆ ಹೋದೆ. ಮನೆಯಲ್ಲಿ ಒಬ್ಬಳೇ ಕೂತಿರಲು ಧೈರ್ಯವಾಗಲಿಲ್ಲ. ಅತ್ತೆ ಎನ್.ಆರ್. ಪುರಕ್ಕೆ ಹೋದ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಬಂದಿತ್ತು. "ಗಿರಿಯಮ್ಮ ಹೋಗಿದಾಳಲ್ಲ, ಇನ್ನು ಹೆದ್ರಿಕೆ ಇಲ್ಲ" ಎಂದು ಚಿಕ್ಕಕ್ಕ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದಳು.

ಇವತ್ತೇ ಬಾಯಿಬಿಟ್ಟು ಹೇಳಿಬಿಡಬೇಕು ಎಂದುಕೊಂಡೆ. ಹೇಳಿದರೆ ನನ್ನ ಅತ್ತೆ ಊರ ಬಾಯಿಗೆ ಬೀಳುತ್ತಾರೆ: ಇಲ್ಲದವಳನ್ನು ಹುಡುಕಿಕೊಂಡು ಬಸ್ಸು ಹತ್ತಿದವಳು ಎಂದು. ಮೊಮ್ಮಕ್ಕಳ ಕಾಲದವರೆಗೂ ಹೇಳಿಕೊಂಡು ನಗುತ್ತಾರೆ. ಕತ್ತಿ ಎಳೆದುಕೊಂಡು ಸುಲಿಯತೊಡಗಿದೆ.

ಬಿಸಿಲು ಇಳಿಯುವ ಹೊತ್ತಿಗೆ ಅತ್ತೆ ಬಂದರು. ಮನೆಗೆ ಹೋಗದೆ ನೇರ ಚಪ್ಪರಕ್ಕೇ ಬಂದರು. ಮುಖ ಬಾಡಿತ್ತು. ಕೊಡೆಯನ್ನು ಕಂಬಕ್ಕೆ ಸಿಕ್ಕಿಸಿ, ಸೀರೆ ಎತ್ತಿ ಕಟ್ಟಿ, ತಮ್ಮ ಮೆಟ್ಟುಗತ್ತಿಯ ಮುಂದೆ ಕೂತರು. ಒಂದು ಅಡಿಕೆ ಸುಲಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

"ಕಂಡೆ" ಎಂದರು.

ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ನನಗೆ ಅನುಮಾನವಾಯಿತು.

"ಜ್ವರ ಬಂದಿತ್ತಂತೆ. ಹಿಂದಿನ ಕೋಣೇಲಿ ಮಲಗಿದ್ಲು. ಶಟರ್ ತಟ್ಟಿದೆ, ಎದ್ದು ಬಂದ್ಲು. ಎಷ್ಟು ಸಣ್ಣ ಆಗಿದಾಳೆ ಅಂತೀರಿ! ಕುಂಕುಮ ಕೊಟ್ಟೆ. ನಾರ್ವೆಯಿಂದ ಬಂದೀನಿ, ನಾವೆಲ್ಲ ಇದೀವಿ ಅಂದೆ. ಅತ್ತಳು. ಆಮೇಲೆ ಬೇಡ ಬೇಡ ಅಂದ್ರೂ ಚಾ ಮಾಡಿದ್ಲು. ಸಕ್ಕರೆ ಜಾಸ್ತಿ ಹಾಕ್ತಾಳೆ."

"ಹೋಟ್ಲಿನೋರೆಲ್ಲ ಹಾಗೇಯ" ಎಂದಳು ಚಿಕ್ಕಕ್ಕ, ಕಣ್ಣೊರೆಸಿಕೊಂಡು. ಕಲ್ಲಮ್ಮ ಕೇಳಿದಳು: "ಸಿಲಿಂಡರ್ ಇತ್ತಾ ಬಾಗ್ಲ ಹತ್ರ?"

"ಇತ್ತು. ಅದ್ರ ಮೇಲೇ ಕೊಡೆ ಇಟ್ಟಿದ್ದೆ, ಮರೆತು ಬರ್ತಿದ್ದೆ. ಅವ್ಳೇ ಓಡಿಬಂದು ಕೊಟ್ಲು" ಎಂದರು ಅತ್ತೆ. ದಿನಕ್ಕೆ ಹತ್ತು ಮಾತಾಡದ ನನ್ನತ್ತೆ! ಕೈ ಒಂದು ಸಲವೂ ತಪ್ಪಲಿಲ್ಲ, ಅಡಿಕೆ ಒಂದೇ ಸಮನೆ ಬುಟ್ಟಿಗೆ ಬೀಳುತ್ತಿತ್ತು. ಚಪ್ಪರದಲ್ಲಿ ಎಲ್ಲರ ಮುಖವೂ ಬೆಳಗಿತು. ಲಕ್ಷ್ಮೀಶ ಹಂಡೆಯ ಹತ್ತಿರ ಹೋಗಿ ಶಿಳ್ಳೆ ಹಾಕಿದ.

ಮನೆಯ ದಾರಿಯಲ್ಲಿ ಹಳ್ಳ ದಾಟುವ ಸಂಕದ ಹತ್ತಿರ ಅತ್ತೆ ನಿಂತರು. ನಾನು ಅಳುತ್ತಿದ್ದೆ.

"ಬಸ್ ಸ್ಟ್ಯಾಂಡ್ ಸುತ್ತ ಎಲ್ಲಾರನ್ನೂ ಕೇಳ್ದೆ. ಹೂವಿನೋಳು, ಮೆಡಿಕಲ್ನೋನು, ಬಾಳೆಹಣ್ಣಿನೋನು. ಮಾಲತಿ ಅನ್ನೋಳು ಇಲ್ಲಿ ಇಲ್ಲ, ಯಾವತ್ತೂ ಇರ್ಲಿಲ್ಲ ಅಂದ್ರು. ಮೊದ್ಲು ಸಮಾಧಾನ ಆಯ್ತು ಕಣೆ, ಯಾರೂ ಸತ್ತಿಲ್ಲ ಅಂತ. ಆಮೇಲೆ ಬಸ್ಸಲ್ಲಿ ಕೂತೆ ನೋಡು, ಆವಾಗ ದುಃಖ ಬಂತು. ಅವ್ಳು ಇಲ್ವೇ ಇಲ್ವಲ್ಲ ಅಂತ."

"ತಪ್ಪಾಯ್ತು ಅತ್ತೆ."

"ಬೆಳಗ್ಗೆ ಬರೀತಿಯಲ್ಲ, ಅದ್ರಲ್ಲಿ ಇದಾಳಾ?"

"ಇದ್ದಾಳೆ."

"ಹಂ." ಸಂಕ ದಾಟಿದರು. ಆ ಬದಿಗೆ ಹೋಗಿ ತಿರುಗಿದರು. "ಕೊಪ್ಪದಿಂದ ಇಲ್ಲೀವರೆಗೆ ಬಸ್ಸಲ್ಲಿ ಅದನ್ನೇ ಯೋಚನೆ ಮಾಡ್ಕಂಡು ಬಂದೆ, ಶಟರ್ ತೆಗೆದ್ರೆ ಹೇಗಿರ್ತಾಳೆ, ಎಂತ ಅಂತಾಳೆ ಅಂತ. ನನ್ನ ಸ್ಟಾಪು ಬಂದಿದ್ದೇ ಗೊತ್ತಾಗ್ಲಿಲ್ಲ. ಕಂಡಕ್ಟ್ರು ಕೂಗ್ದ." ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ನಾನು ಹುಟ್ಟಿ ಇಷ್ಟು ವರ್ಷಕ್ಕೆ ಇವತ್ತು ಅಷ್ಟು ಜನರ ಮುಂದೆ ಸುಳ್ಳು ಹೇಳ್ದೆ. ಇನ್ನು ನೀನು ಅದನ್ನ ಅರ್ಧಕ್ಕೆ ಬಿಟ್ರೆ ನೋಡು" ಎಂದರು.

ಎಂತಹ ಹೆಂಗಸು! ನನ್ನ ಮಾನ ಉಳಿಸಿದರು, ಮಾಲತಿಯ ಜೀವ ಉಳಿಸಿದರು, ಬೈಯಲು ಎಷ್ಟೋ ಇದ್ದರೂ ಅಷ್ಟಕ್ಕೇ ನಿಲ್ಲಿಸಿದರು. ನಾನು ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ಇವರನ್ನು ಮಾತು ಬಾರದವರು ಎಂದುಕೊಂಡಿದ್ದೆ.

ಜನವರಿ 13, ಸೋಮವಾರ

ಹಿನ್ನೀರಿನ ಅಧ್ಯಾಯಕ್ಕೆ ಟಿಪ್ಪಣಿ ಬರೆದಿಟ್ಟಿದ್ದ ಹಾಳೆಗಳನ್ನು ಹರಿದು ಒಲೆಗೆ ಹಾಕಿದೆ. ಶಟರ್ ತೆಗೆಯುವುದನ್ನು ಬರೆಯುತ್ತಿದ್ದೇನೆ. ಬಾಗಿಲಲ್ಲಿ ದೂರದ ಊರಿನ ಹೆಂಗಸೊಬ್ಬಳು ನಿಂತಿದ್ದಾಳೆ.

ಬೆಳಿಗ್ಗೆ ಏಳುವಷ್ಟರಲ್ಲಿ ಚಾ ಆಗಿರುತ್ತದೆ. ಅತ್ತೆ ಲೋಟವನ್ನು ಸದ್ದಿಲ್ಲದೆ ಪಕ್ಕದಲ್ಲಿಟ್ಟು ಹೋಗುತ್ತಾರೆ.

ಜನವರಿ 20, ಸೋಮವಾರ

ಪ್ರಸನ್ನಕುಮಾರ್ ಫೋನ್ ಮಾಡಿದ್ದರು. ಭುಜ ಹೇಗಿದೆ, ಯಾವಾಗ ಬರುತ್ತೀಯ ಎಂದರು. ಸದ್ಯಕ್ಕೆ ಪುರುಸೊತ್ತಿಲ್ಲ ಸಾರ್ ಎಂದೆ.

ಜನವರಿ 31, ಶುಕ್ರವಾರ

ಮಂಜಯ್ಯನವರ ಸುಲಿತ ಮುಗಿಯಿತು. ಚಪ್ಪರ ಗುಡಿಸಿದರು. ಬೀಳ್ಕೊಡುವಾಗ ಚಿಕ್ಕಕ್ಕ ಅತ್ತೆಯ ಕೈ ಹಿಡಿದು, "ಮಾಲತಿಗೆ ಕೇಳ್ದೆ ಅಂತ ಹೇಳು" ಎಂದಳು. ನನಗಲ್ಲ, ಅತ್ತೆಗೆ! "ಹೇಳ್ತೀನಿ" ಎಂದರು ಅತ್ತೆ, ಗಂಭೀರವಾಗಿ.

ಫೆಬ್ರವರಿ 16, ಭಾನುವಾರ

ಮುಗಿಯಿತು.

ಬೆಳಿಗ್ಗೆ ಕೊನೆಯ ಸಾಲು ಬರೆದು ಪೆನ್ನು ಮುಚ್ಚಿದೆ. ಏನೋ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ, ಹಸಿವಾಯಿತು. ರಾಕೇಶನಿಗೆ ಹೇಳಿದೆ. "ಯುಗಾದಿಗೆ ಇನ್ನೂ ಇದೆಯಲ್ಲೇ!" ಎಂದು ಬಾಯಿ ಬಿಟ್ಟ.

ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತು, "ಓದು" ಎಂದರು. ಆ ಅಧ್ಯಾಯ ಓದಿದೆ, ಹೆಂಗಸು ಬಂದು ಶಟರ್ ತಟ್ಟುವುದು. ನಾನು ಬಹಳ ಕಷ್ಟಪಟ್ಟು ಬರೆದದ್ದು. ಮಾಲತಿ ಬಾಗಿಲು ತೆಗೆದು ಆ ಹೆಂಗಸಿಗೆ, ತನಗೆ ಈ ಲೋಕದಲ್ಲಿ ಇನ್ನು ಯಾರೂ ಇಲ್ಲವೆಂದು ಹೇಳುತ್ತಾಳೆ. ಓದುವಾಗ ನನ್ನ ದನಿಯೇ ಒಡೆಯಿತು.

ಅತ್ತೆ ತಲೆ ಅಲ್ಲಾಡಿಸಿದರು.

"ಇಲ್ಲ. ನಂಗೆ ಅವ್ಳು ಹಾಗೆ ಹೇಳ್ಲಿಲ್ಲ."

"ಮತ್ತೆ?"

"'ನಿಂತೇ ಇದೀರಲ್ಲ, ಕೂತ್ಕಳಿ' ಅಂದ್ಲು."

ನನ್ನ ಎರಡು ಸಾಲು ಹೊಡೆದು ಹಾಕಿ, ಅವಳು ಹೇಳಿದ್ದನ್ನು ಬರೆದುಕೊಂಡೆ.